ಟಾರ್ಗೆಟ್ ಚಿಪ್ಪನ್ನು ಡಾಟ್ ಬೋರ್ಡಿನ ಮೇಲೆ ಕೂರಿಸುವ ಕೆಲಸ

ಒಂದು ಸಾಧನದೊಳಗಿನ ಮೈಕ್ರೊಕಂಟ್ರೋಲರ್ (ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ತನ್ನ ರಹಸ್ಯ ಕೀಲಿಯನ್ನು ಹೊರಗೆ ಸೋರಿಸುತ್ತಿದೆಯೇ, ಅದರೊಳಗಿನ ಪ್ರೋಗ್ರಾಮನ್ನು, ಅಂದರೆ ಫರ್ಮ್‌ವೇರನ್ನು, ಓದದಂತೆ ಹಾಕಿರುವ ತಡೆಯನ್ನು ಮುರಿಯಲು ಸಾಧ್ಯವೇ ಎಂದು ಪರೀಕ್ಷಿಸಿಕೊಡುವ ನನ್ನ ಕೆಲಸದಲ್ಲಿ ಹೆಚ್ಚಿನ ಸಮಯ ಹೋಗುವುದು ಸೋಲ್ಡರಿಂಗ್ ಐರನ್ ಹಿಡಿದು ಬೋರ್ಡ್ ಕಟ್ಟುವುದರಲ್ಲಿ. ಪರೀಕ್ಷೆಗೆ ಬಂದ ಉತ್ಪನ್ನದಿಂದ ಚಿಪ್ಪನ್ನು (ಇದೇ ನಮ್ಮ ಟಾರ್ಗೆಟ್) ಬಿಡಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ, ರಂಧ್ರಗಳ ಸುತ್ತ ತಾಮ್ರದ ಚುಕ್ಕೆಗಳಿರುವ ಸಾಧಾರಣ ಡಾಟ್ ಬೋರ್ಡಿನ ಮೇಲೆ ಅದಕ್ಕೊಂದು ಹೊಸ ನೆಲೆ ಕಟ್ಟಿಕೊಟ್ಟು, ವಿದ್ಯುತ್ತು, ಕ್ಲಾಕ್ (ಚಿಪ್ಪಿಗೆ ತಾಳ ಕೊಡುವ ಸಂಕೇತ) ಮತ್ತು ರೀಸೆಟ್ ಮೂರನ್ನೂ ಹಿಡಿತಕ್ಕೆ ತಂದುಕೊಂಡ ಮೇಲೆಯೇ ನಾನು ಅಳತೆಗೆ ತೊಡಗುತ್ತೇನೆ. ಬೋರ್ಡ್ ಕಟ್ಟುವ ಈ ಹಂತವನ್ನು ಪೂರ್ವಸಿದ್ಧತೆಯೆಂದು ಹಗುರವಾಗಿ ಕಾಣುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಆ ಬೋರ್ಡ್ ಅಳತೆಯ ಉಪಕರಣದ ಒಂದು ಭಾಗ, ಮತ್ತು ಪರೀಕ್ಷೆಯ ಕೊನೆಯಲ್ಲಿ ನಾವು ಹೇಳುವ ಪ್ರತಿಯೊಂದು ಮಾತಿನ ತೂಕವೂ ಅದರ ಮೇಲೆ ನಿಂತಿರುತ್ತದೆ.

ಉತ್ಪನ್ನದ ಬೋರ್ಡಿನ ಮೇಲೆಯೇ ಅಳೆದರೆ ಏನು ತೊಂದರೆ ಎಂಬುದನ್ನು ಮೊದಲು ವಿವರಿಸುತ್ತೇನೆ. ಚಿಪ್ಪಿನೊಳಗಿನ ಟ್ರಾನ್ಸಿಸ್ಟರುಗಳು ಸ್ಥಿತಿ ಬದಲಿಸಿದಾಗಲೆಲ್ಲ ಅಲ್ಪ ಪ್ರಮಾಣದ ವಿದ್ಯುತ್ ಪ್ರವಾಹವನ್ನು ಸೆಳೆಯುತ್ತವೆ, ಮತ್ತು ಆ ಕ್ಷಣದಲ್ಲಿ ಯಾವ ದತ್ತಾಂಶದ ಮೇಲೆ ಕೆಲಸ ನಡೆದಿದೆ ಎಂಬುದಕ್ಕೆ ತಕ್ಕಂತೆ ಆ ಪ್ರಮಾಣ ಕೂದಲೆಳೆಯಷ್ಟು ಏರಿಳಿಯುತ್ತದೆ. ಈ ಏರಿಳಿತವನ್ನು ಸಾವಿರಾರು ಸಲ ದಾಖಲಿಸಿ, ಸಂಖ್ಯಾಶಾಸ್ತ್ರದ ನೆರವಿನಿಂದ ರಹಸ್ಯ ಕೀಲಿಯನ್ನು ಹೊರತೆಗೆಯಬಹುದೆಂದು ಪಾಲ್ ಕೋಚರ್, ಜೋಶುವಾ ಜಾಫ್ ಮತ್ತು ಬೆಂಜಮಿನ್ ಜನ್ 1999ರಲ್ಲಿ ತೋರಿಸಿಕೊಟ್ಟರು. 2004ರಲ್ಲಿ ಬ್ರಿಯೆ, ಕ್ಲಾವಿಯೆ ಮತ್ತು ಒಲಿವಿಯೆ ಎಂಬ ಸಂಶೋಧಕರು ಪರಸ್ಪರ ಸಂಬಂಧದ ಗುಣಾಂಕವನ್ನು ಬಳಸುವ ವಿಧಾನವನ್ನು ಮುಂದಿಟ್ಟ ಮೇಲೆ ಈ ಕೆಲಸ ಇನ್ನೂ ಸರಳವಾಯಿತು. ಆದರೆ ಉತ್ಪನ್ನದ ಬೋರ್ಡನ್ನು ವಿನ್ಯಾಸಗೊಳಿಸುವ ಎಂಜಿನಿಯರಿನ ಗುರಿ ನಮ್ಮ ಗುರಿಗೆ ನೇರ ವಿರುದ್ಧವಾದುದು. ಚಿಪ್ ಎಷ್ಟೇ ಪ್ರವಾಹ ಸೆಳೆದರೂ ವೋಲ್ಟೇಜ್ ಅಲುಗಬಾರದು ಎಂಬುದು ಅವರ ಬಯಕೆ. ಅದಕ್ಕಾಗಿಯೇ ಪ್ರತಿಯೊಂದು ವಿದ್ಯುತ್ ಪಿನ್ನಿನ ಪಕ್ಕದಲ್ಲೂ 100 ನ್ಯಾನೊಫ್ಯಾರಡ್‌ನ ಡಿಕಪ್ಲಿಂಗ್ ಕೆಪಾಸಿಟರನ್ನೂ, ತುಸು ದೂರದಲ್ಲಿ 10 ಮೈಕ್ರೊಫ್ಯಾರಡ್‌ನ ದೊಡ್ಡ ಕೆಪಾಸಿಟರನ್ನೂ ಇಟ್ಟಿರುತ್ತಾರೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ವಿದ್ಯುತ್ ಸರಬರಾಜಿನ ದಾರಿಯಲ್ಲಿ ಪ್ರವಾಹವನ್ನು ವೋಲ್ಟೇಜ್ ಆಗಿ ಅಳೆಯಲು 10 ಓಮ್‌ನ ಶಂಟ್ ರೆಸಿಸ್ಟರ್ ಸೇರಿಸಿ, ಚಿಪ್ಪಿನ ಬದಿಯಲ್ಲಿ ಒಂದೇ ಒಂದು 100 ನ್ಯಾನೊಫ್ಯಾರಡ್ ಕೆಪಾಸಿಟರನ್ನು ಉಳಿಸಿಕೊಂಡರೂ, ಅವೆರಡರ ಗುಣಲಬ್ಧ 1 ಮೈಕ್ರೊಸೆಕೆಂಡ್ ಆಗುತ್ತದೆ. ಅಂದರೆ ಸುಮಾರು 159 ಕಿಲೊಹರ್ಟ್ಸ್‌ಗಿಂತ ವೇಗದ ಬದಲಾವಣೆಗಳೆಲ್ಲ ಕ್ರಮೇಣ ಕುಗ್ಗುತ್ತ ಹೋಗುತ್ತವೆ. ಚಿಪ್ 8 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದರೆ ಅದರ ಒಂದು ಕ್ಲಾಕ್ ಸುತ್ತಿಗೆ ತಗಲುವುದು 125 ನ್ಯಾನೊಸೆಕೆಂಡ್ ಮಾತ್ರ; ಹಾಗಾಗಿ ಎಂಟು ಸುತ್ತುಗಳ ಕೆಲಸವೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋದ ಚಿತ್ರವೊಂದು ಸ್ಕೋಪಿನ (ವೋಲ್ಟೇಜಿನ ಅಲೆಯನ್ನು ತೋರಿಸುವ ಆಸಿಲೋಸ್ಕೋಪಿನ) ಪರದೆಯ ಮೇಲೆ ಮೂಡುತ್ತದೆ. ಅದೇ ಕೆಪಾಸಿಟರನ್ನು 1 ನ್ಯಾನೊಫ್ಯಾರಡ್‌ಗೆ ಇಳಿಸಿದರೆ ಗುಣಲಬ್ಧ 10 ನ್ಯಾನೊಸೆಕೆಂಡಿಗೆ ಬರುತ್ತದೆ, ಮತ್ತು ಪ್ರತಿಯೊಂದು ಸುತ್ತೂ ಬೇರೆಬೇರೆಯಾಗಿ ಕಾಣಿಸತೊಡಗುತ್ತದೆ.

ಕೆಪಾಸಿಟರುಗಳನ್ನು ಉತ್ಪನ್ನದ ಬೋರ್ಡಿನಿಂದಲೇ ಕಿತ್ತುಹಾಕಬಹುದಲ್ಲ ಎಂದು ಕೇಳಬಹುದು. ಕೆಲವು ಸಲ ನಾನು ಹಾಗೆಯೇ ಮಾಡುತ್ತೇನೆ. ಆದರೆ ಅದೇ ವಿದ್ಯುತ್ ಗೆರೆಯ ಮೇಲೆ ರೇಡಿಯೊ ಮಾಡ್ಯೂಲ್, ಎಲ್‌ಇಡಿ, ಸೆನ್ಸರ್ ಮುಂತಾದವು ಜೊತೆಗೂಡಿ ಪ್ರವಾಹ ಸೆಳೆಯುತ್ತಿರುತ್ತವೆ. ಸ್ವಿಚಿಂಗ್ ರೆಗ್ಯುಲೇಟರ್ ತನ್ನದೇ ಲಯದಲ್ಲಿ ಗದ್ದಲ ಸೇರಿಸುತ್ತದೆ. ವೋಲ್ಟೇಜ್ ಸ್ವಲ್ಪ ಕುಸಿದರೂ ರೀಸೆಟ್ ಒತ್ತುವ ಸೂಪರ್‌ವೈಸರ್ ಚಿಪ್ ಒಂದಿದ್ದರಂತೂ ವೋಲ್ಟೇಜನ್ನು ಕ್ಷಣಮಾತ್ರ ಕುಸಿಸಿ ಚಿಪ್ಪಿನಿಂದ ತಪ್ಪು ಮಾಡಿಸುವ ಗ್ಲಿಚ್ ಪ್ರಯೋಗವೇ ಅಸಾಧ್ಯವಾಗುತ್ತದೆ. ಚಿಕ್ಕಪೇಟೆಯ ಚಿನ್ನದಂಗಡಿಗಳಲ್ಲಿ ತಕ್ಕಡಿಯನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು ಫ್ಯಾನಿನ ಗಾಳಿಯೂ ತಾಗದಂತೆ ತೂಗುವುದನ್ನು ನಾವೆಲ್ಲ ನೋಡಿದ್ದೇವೆ. ಟಾರ್ಗೆಟ್ ಚಿಪ್ಪಿಗೆ ಪ್ರತ್ಯೇಕ ಬೋರ್ಡ್ ಬೇಕಾಗುವುದೂ ಅದೇ ಕಾರಣಕ್ಕೆ.

ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಈಚೆಗೆ, "ಸರ್, ಅದೇ ಚಿಪ್ ಇರುವ ಡೆವಲಪ್‌ಮೆಂಟ್ ಬೋರ್ಡ್ ತೆಗೆದುಕೊಂಡರೆ ಸಾಕಲ್ಲವೇ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಫರ್ಮ್‌ವೇರ್ ಬರೆದು ನೋಡಲು, ಅಳತೆ ಆರಂಭಿಸುವ ಸೂಚನೆಯಾದ ಟ್ರಿಗರ್ ಎಲ್ಲಿ ಇಡಬೇಕೆಂದು ತಿಳಿಯಲು ಡೆವಲಪ್‌ಮೆಂಟ್ ಬೋರ್ಡ್ ಬಹಳ ಉಪಯುಕ್ತ. ಆದರೆ ಅದೂ ಕೆಪಾಸಿಟರುಗಳಿಂದ ತುಂಬಿರುವ, ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ಬೋರ್ಡೇ ಆಗಿದೆ. ಮೇಲಾಗಿ, ಅಗ್ಗದ ಬೋರ್ಡುಗಳಲ್ಲಿ ಎಸ್‌ಟಿಎಂ32ಎಫ್103 ಎಂಬ ಮೈಕ್ರೊಕಂಟ್ರೋಲರಿನ ಹೆಸರಿನಲ್ಲಿ ಬೇರೆ ತಯಾರಕರ ತದ್ರೂಪಿ ಚಿಪ್ಪುಗಳು ಕುಳಿತಿರುವುದು ಈ ವಲಯದವರಿಗೆಲ್ಲ ಗೊತ್ತಿರುವ ಸಂಗತಿ. ಎಲ್‌ಇಡಿ ಮಿನುಗಿಸಲು ಅದರಿಂದ ತೊಂದರೆಯಿಲ್ಲ. ಆದರೆ ಭದ್ರತಾ ಪರೀಕ್ಷೆಯಲ್ಲಿ ತದ್ರೂಪಿ ಚಿಪ್ಪಿನ ಮೇಲೆ ಕಂಡ ಫಲಿತಾಂಶವನ್ನು ಅಸಲಿ ಚಿಪ್ಪಿಗೆ ಅನ್ವಯಿಸಿದರೆ ಇಡೀ ವರದಿಯೇ ಸುಳ್ಳಾಗುತ್ತದೆ. ಆದ್ದರಿಂದ ಹೋಲಿಕೆಗೆ ಬೇಕಾದ ಖಾಲಿ ಚಿಪ್ಪುಗಳನ್ನು ನಾನು ಅಧಿಕೃತ ವಿತರಕರಿಂದ ಮಾತ್ರ ತರಿಸಿಕೊಳ್ಳುತ್ತೇನೆ.

ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡನ್ನು ನಾನು ಅಳತೆಗೆ ಬಳಸುವುದಿಲ್ಲ. ಅದರ ಪಕ್ಕಪಕ್ಕದ ಸಾಲುಗಳ ನಡುವೆ ಕೆಲವು ಪಿಕೊಫ್ಯಾರಡ್‌ಗಳಷ್ಟು ಅನಪೇಕ್ಷಿತ ಕೆಪಾಸಿಟನ್ಸ್ ಇರುತ್ತದೆ. ಸ್ಪ್ರಿಂಗ್ ಸಂಪರ್ಕದ ಪ್ರತಿರೋಧ ಬೋರ್ಡ್ ಅಲುಗಿದಾಗಲೆಲ್ಲ ಬದಲಾಗುತ್ತದೆ, ಉದ್ದನೆಯ ಜಂಪರ್ ವೈರುಗಳು ಆಂಟೆನಾಗಳಾಗುತ್ತವೆ. ರಾತ್ರಿಯಿಡೀ ಸಾವಿರಾರು ಅಲೆರೂಪಗಳನ್ನು ಸಂಗ್ರಹಿಸುವ ಕೆಲಸದಲ್ಲಿ ನಡುವೆ ಎಲ್ಲೋ ಸಂಪರ್ಕ ಸಡಿಲಗೊಂಡರೆ, ಆ ಬದಲಾವಣೆ ದತ್ತಾಂಶದಿಂದ ಬಂದದ್ದೋ ತಂತಿಯಿಂದ ಬಂದದ್ದೋ ಎಂದು ಬೇರ್ಪಡಿಸುವುದು ಕಷ್ಟ. ಯುಎಆರ್‌ಟಿ ಎಂಬ ಸರಣಿ ಸಂವಹನದ ಗೆರೆ ಮಾತನಾಡುತ್ತಿದೆಯೇ ಎಂದು ನೋಡುವಷ್ಟಕ್ಕೆ ಬ್ರೆಡ್‌ಬೋರ್ಡ್ ಸಾಕು.

ಡಾಟ್ ಬೋರ್ಡ್ ಕೊಳ್ಳಲು ಎಸ್.ಪಿ. ರಸ್ತೆಗೆ ಹೋದರೆ ಅಂಗಡಿಯವರು ಮೊದಲು ಕೇಳುವುದು, "ಬ್ರೌನ್ ಬೇಕೋ, ಗ್ಲಾಸ್ ಎಪಾಕ್ಸಿ ಬೇಕೋ?" ಎಂದು. ಕಂದು ಬಣ್ಣದ್ದು ಕಾಗದ ಮತ್ತು ಫೀನಾಲಿಕ್ ರಾಳದಿಂದ ಮಾಡಿದ ಅಗ್ಗದ ಹಲಗೆ. ಅದರ ತಾಮ್ರದ ಚುಕ್ಕೆಗಳು ಎರಡು ಮೂರು ಸಲ ಬಿಸಿ ತಾಗಿದರೆ ಎದ್ದುಬರುತ್ತವೆ, ಮತ್ತು ಅದು ತೇವವನ್ನೂ ಹೀರಿಕೊಳ್ಳುತ್ತದೆ. ಭದ್ರತಾ ಪರೀಕ್ಷೆಯ ಬೋರ್ಡನ್ನು ಒಂದೇ ಸಲಕ್ಕೆ ಕಟ್ಟಿ ಮುಗಿಸುವಂತಿಲ್ಲ. ಶಂಟ್ ಬದಲಿಸಬೇಕಾಗುತ್ತದೆ, ಕೆಪಾಸಿಟರ್ ತೆಗೆದು ಮತ್ತೆ ಹಾಕಬೇಕಾಗುತ್ತದೆ. ಆದ್ದರಿಂದ ಎಫ್‌ಆರ್4 ಎಂದು ಕರೆಯುವ ಗ್ಲಾಸ್ ಎಪಾಕ್ಸಿಯದನ್ನೇ, ಅದರಲ್ಲೂ ಎರಡು ಬದಿಗೂ ತಾಮ್ರವಿದ್ದು ರಂಧ್ರದ ಒಳಗೋಡೆಗೂ ಲೋಹದ ಲೇಪವಿರುವ ಬಗೆಯನ್ನೇ ಆರಿಸಿಕೊಳ್ಳಬೇಕು. ಉದ್ದುದ್ದ ತಾಮ್ರದ ಪಟ್ಟಿಗಳಿರುವ ಸ್ಟ್ರಿಪ್ ಬೋರ್ಡ್ ನೋಡಲು ಅನುಕೂಲಕರವೆನಿಸಿದರೂ, ಕತ್ತರಿಸದೆ ಉಳಿದ ಪಟ್ಟಿಯ ತುಂಡುಗಳು ಸಂಕೇತಗಳನ್ನು ಅಕ್ಕಪಕ್ಕಕ್ಕೆ ಸಾಗಿಸುವುದರಿಂದ ಈ ಕೆಲಸಕ್ಕೆ ನನಗೆ ಹಿಡಿಸುವುದಿಲ್ಲ. ಡಾಟ್ ಬೋರ್ಡಿನ ದೊಡ್ಡ ಕೊರತೆಯೆಂದರೆ ಅದರಲ್ಲಿ ಗ್ರೌಂಡ್ ಪದರ ಇಲ್ಲದಿರುವುದು. ಅದನ್ನು ತುಂಬಲು ತಾಮ್ರದ ಟೇಪನ್ನು ಚಿಪ್ಪಿನ ಕೆಳಭಾಗದಲ್ಲಿ ಅಗಲವಾಗಿ ಹಾಸಿ, ಅನೇಕ ಕಡೆ ಬೆಸೆದು, ಗ್ರೌಂಡಿಗೆ ಸೇರಬೇಕಾದ ಪ್ರತಿಯೊಂದು ಪಿನ್ನನ್ನೂ ಅತಿ ಹತ್ತಿರದ ದಾರಿಯಿಂದ ಅದಕ್ಕೆ ಇಳಿಸುತ್ತೇನೆ.

ಡಾಟ್ ಬೋರ್ಡಿನ ರಂಧ್ರಗಳ ಅಂತರ 2.54 ಮಿ.ಮೀ. ಎಟಿಮೆಗಾ328ಪಿ ಚಿಪ್ಪಿನ ಎರಡು ಸಾಲಿನಲ್ಲಿ 28 ಕಾಲುಗಳಿರುವ ಡಿಪ್ ರೂಪವಾದರೆ ಐಸಿ ಬೇಸ್ ಹಾಕಿ ನೇರವಾಗಿ ಕೂರಿಸಬಹುದು, ಮತ್ತು ಕಲಿಯುವವರು ಇದರಿಂದಲೇ ಆರಂಭಿಸುವುದು ಒಳ್ಳೆಯದು. ಆದರೆ ಇಂದಿನ ಉತ್ಪನ್ನಗಳಲ್ಲಿ ಬರುವುದು ಬಹುಮಟ್ಟಿಗೆ 0.5 ಮಿ.ಮೀ. ಅಂತರದ ನಾಲ್ಕೂ ಬದಿಗೆ ಸಣ್ಣ ಕಾಲುಗಳಿರುವ ಎಲ್‌ಕ್ಯೂಎಫ್‌ಪಿ ಇಲ್ಲವೇ ಹೊರಚಾಚಿದ ಕಾಲುಗಳಿಲ್ಲದ ಕ್ಯೂಎಫ್‌ಎನ್ ಚಿಪ್ಪುಗಳು. ಇವುಗಳಿಗೆ ಸಣ್ಣ ಅಡಾಪ್ಟರ್ ಬೋರ್ಡುಗಳು ಸಿಗುತ್ತವೆ. ಚಿಪ್ಪನ್ನು ಅದರ ಮೇಲೆ ಬೆಸೆದು, ಅಂಚಿಗೆ ಬರ್ಗ್ ಸ್ಟ್ರಿಪ್ (ಪಿನ್ನುಗಳ ಸಾಲು) ಹಾಕಿ, ಕೆಳಗಿನ ಮೂಲ ಬೋರ್ಡಿಗೆ ಸಿಕ್ಕಿಸಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಡಾಪ್ಟರಿನ ತೆಳುಗೆರೆ, ಬರ್ಗ್ ಪಿನ್ ಮತ್ತು ಕೆಳಗಿನ ತಂತಿ ಇವೆಲ್ಲ ಕೂಡಿ ಚಿಪ್ಪಿಗೂ ಕೆಪಾಸಿಟರಿಗೂ ನಡುವೆ ಕೆಲವು ಸೆಂಟಿಮೀಟರ್ ದೂರವನ್ನು ಸೃಷ್ಟಿಸುತ್ತವೆ. ಹೀಗಾಗಿ ಚಿಪ್ಪಿಗೆ ಬೇಕೇ ಬೇಕಾದ ಕೆಪಾಸಿಟರುಗಳನ್ನು ಅಡಾಪ್ಟರಿನ ಮೇಲೆಯೇ, ಪಿನ್ನಿಗೆ ಅಂಟಿದಂತೆ ಬೆಸೆಯಬೇಕು. ಕ್ಯೂಎಫ್‌ಎನ್ ಚಿಪ್ಪಿನ ಹೊಟ್ಟೆಯಲ್ಲಿರುವ ಲೋಹದ ಚೌಕ ಸಾಮಾನ್ಯವಾಗಿ ಗ್ರೌಂಡ್ ಆಗಿರುತ್ತದೆ; ಅಡಾಪ್ಟರಿನ ನಡುವೆ ರಂಧ್ರವಿದ್ದರೆ ಹಿಂಬದಿಯಿಂದ ಸೋಲ್ಡರ್ ತುಂಬಿ ಅದನ್ನು ಸೇರಿಸದೆ ಬಿಡಬಾರದು.

ಮೂಲ ಬೋರ್ಡ್ ಒಂದು, ಅದರ ಮೇಲೆ ಬದಲಾಯಿಸಬಹುದಾದ ಟಾರ್ಗೆಟ್ ಕಾರ್ಡುಗಳು ಹಲವು ಎಂಬ ಈ ವ್ಯವಸ್ಥೆ ನನ್ನ ಆವಿಷ್ಕಾರವೇನಲ್ಲ. ಇಂಥ ಪರೀಕ್ಷೆಗೆಂದೇ ಉಪಕರಣಗಳನ್ನು ರೂಪಿಸುವ, ಕಾಲಿನ್ ಓಫ್ಲಿನ್ ಅವರ ಚಿಪ್‌ವಿಸ್ಪರರ್ ಯೋಜನೆಯಲ್ಲಿ ಸಿಡಬ್ಲ್ಯು308 ಎಂಬ ಬೋರ್ಡ್ ಇದೇ ತತ್ವದ ಮೇಲೆ ರೂಪುಗೊಂಡಿದೆ. ಅದಕ್ಕೂ ಮುಂಚೆ ಜಪಾನಿನ ಎಐಎಸ್‌ಟಿ ಸಂಶೋಧನಾ ಸಂಸ್ಥೆ ಸಸೆಬೊ ಎಂಬ ಬೋರ್ಡುಗಳನ್ನು ಹೊರತಂದು, ಬೇರೆಬೇರೆ ಪ್ರಯೋಗಾಲಯಗಳು ಒಂದೇ ನೆಲೆಯ ಮೇಲೆ ಅಳೆದು ಫಲಿತಾಂಶಗಳನ್ನು ಹೋಲಿಸಲು ಅನುವು ಮಾಡಿಕೊಟ್ಟಿತ್ತು. ಸಿದ್ಧ ಬೋರ್ಡ್ ಕೊಳ್ಳಲು ಹಣವಿರುವವರು ಖಂಡಿತ ಕೊಳ್ಳಲಿ. ಆದರೆ ಪರೀಕ್ಷೆಗೆ ಬರುವ ಎಲ್ಲ ಚಿಪ್ಪಿಗೂ ಸಿದ್ಧ ಕಾರ್ಡ್ ಸಿಗುವುದಿಲ್ಲ, ಮತ್ತು ಕೈಯಿಂದ ಒಂದನ್ನು ಕಟ್ಟಿದವರಿಗೆ ಸಿದ್ಧ ಬೋರ್ಡಿನ ಪ್ರತಿಯೊಂದು ಜಂಪರ್ ಏಕಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ಚಿಪ್ಪನ್ನು ಉತ್ಪನ್ನದಿಂದ ಬಿಡಿಸುವುದಕ್ಕೆ ಮುಂಚೆ ಅದು ತನ್ನ ಮೂಲ ಸ್ಥಾನದಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ದಾಖಲಿಸಿಕೊಳ್ಳಬೇಕು: ಯಾವ ಪಿನ್ ಮೇಲಿದೆ, ಯಾವುದು ಕೆಳಗಿದೆ, ಕ್ರಿಸ್ಟಲ್ ಎಷ್ಟು ಮೆಗಾಹರ್ಟ್ಸ್‌ನದು, ಹೊರಗಿನ ಫ್ಲ್ಯಾಶ್ ಮೆಮೊರಿ ಇದೆಯೇ, ಬ್ಯಾಟರಿಯಿಂದ ಉಳಿದುಕೊಂಡಿರುವ ಮೆಮೊರಿಯಲ್ಲಿ ಕೀಲಿ ಇರಬಹುದೇ. ಬ್ಯಾಟರಿ ತೆಗೆದ ಕೂಡಲೇ ಕೀಲಿ ಅಳಿಸಿಹೋಗುವ ಸಾಧನದಲ್ಲಿ ಚಿಪ್ಪನ್ನು ಕೀಳುವುದರಿಂದ ಪ್ರಯೋಜನವಿಲ್ಲ. ಸೀಸರಹಿತ ಬೆಸುಗೆ ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲಾರಂಭಿಸುತ್ತದೆ, 63 ಭಾಗ ತವರ ಮತ್ತು 37 ಭಾಗ ಸೀಸದ ಮಿಶ್ರಣ 183 ಡಿಗ್ರಿಯಲ್ಲಿ ಕರಗುತ್ತದೆ. ಹಳೆಯ ಬೆಸುಗೆಯ ಮೇಲೆ ಸೀಸದ ಬೆಸುಗೆಯನ್ನು ಧಾರಾಳವಾಗಿ ಬೆರೆಸಿಕೊಂಡರೆ ಕರಗುವ ಉಷ್ಣತೆ ಇಳಿದು, ಹಾಟ್ ಏರ್ ಗಾಳಿಯಲ್ಲಿ ಚಿಪ್ ಕಡಿಮೆ ಹೊತ್ತು ನರಳುತ್ತದೆ. ತೇವ ಹೀರಿಕೊಂಡ ಚಿಪ್ಪಿಗೆ ಒಮ್ಮೆಲೇ ಬಿಸಿ ತಾಗಿದರೆ ಒಳಗಿನ ನೀರಾವಿ ಪ್ಯಾಕೇಜನ್ನು ಸೀಳಬಹುದಾದ್ದರಿಂದ, ಮಳೆಗಾಲದಲ್ಲಿ ಬಂದ ಬೋರ್ಡನ್ನು ಮೊದಲು ಹದವಾದ ಉಷ್ಣತೆಯಲ್ಲಿ ಗಂಟೆಗಟ್ಟಲೆ ಒಣಗಿಸಿಯೇ ಮುಂದುವರಿಯುತ್ತೇನೆ.

ಈಗ ವಿದ್ಯುತ್ತಿನ ವಿಷಯ. ಈ ಬೋರ್ಡಿನ ಜೀವಾಳ ಇಲ್ಲಿಯೇ ಇದೆ. ಶಂಟ್ ರೆಸಿಸ್ಟರನ್ನು ಗ್ರೌಂಡ್ ಬದಿಯಲ್ಲಿ ಇಟ್ಟರೆ ಸ್ಕೋಪಿನ ಪ್ರೋಬ್ ಹಾಕುವುದು ಸುಲಭ. ಆದರೆ ಆಗ ಚಿಪ್ಪಿನ ಗ್ರೌಂಡ್ ಉಳಿದೆಲ್ಲ ಉಪಕರಣಗಳ ಗ್ರೌಂಡಿಗಿಂತ ಮೇಲೆ ತೇಲುತ್ತದೆ, ಮತ್ತು ಪ್ರವಾಹದ ಒಂದು ಪಾಲು ಯುಎಆರ್‌ಟಿ, ಕ್ಲಾಕ್ ಮುಂತಾದ ಗೆರೆಗಳ ಮೂಲಕ ಶಂಟನ್ನು ತಪ್ಪಿಸಿಕೊಂಡು ಹೋಗುತ್ತದೆ. ಆದ್ದರಿಂದ ನಾನು ಅದನ್ನು ಧನ ಬದಿಯಲ್ಲಿಟ್ಟು, ಚಿಪ್ಪಿನ ಪಿನ್ನಿನ ಹತ್ತಿರದಲ್ಲೇ ಒಂದು ಎಸ್‌ಎಂಎ ಕನೆಕ್ಟರ್ ಬೆಸೆದು, ಅಲ್ಲಿಂದ ಕೋಆಕ್ಸಿಯಲ್ ಕೇಬಲ್ಲಿನ ಮೂಲಕ ಏರಿಳಿತವನ್ನಷ್ಟೇ ಸ್ಕೋಪಿಗೆ ಒಯ್ಯುತ್ತೇನೆ. 10 ಓಮ್‌ನ ಶಂಟಿನಲ್ಲಿ 20 ಮಿಲಿಆಂಪಿಯರ್ ಹರಿದರೆ 200 ಮಿಲಿವೋಲ್ಟ್ ಕುಸಿಯುತ್ತದೆ, 0.1 ಮಿಲಿಆಂಪಿಯರ್‌ನ ಬದಲಾವಣೆ 1 ಮಿಲಿವೋಲ್ಟ್ ಆಗಿ ಕಾಣುತ್ತದೆ. ಶಂಟ್ ದೊಡ್ಡದಾದಷ್ಟೂ ಸಂಕೇತ ದೊಡ್ಡದಾಗುತ್ತದೆ, ಆದರೆ ಚಿಪ್ ಅಸ್ಥಿರವಾಗುವ ಅಪಾಯವೂ ಹೆಚ್ಚುತ್ತದೆ. ಶಂಟಿನ ಜಾಗದಲ್ಲಿ ನೇರವಾಗಿ ಬೆಸೆಯದೆ ಬರ್ಗ್ ಸಾಕೆಟ್ಟಿನ ಎರಡು ಪಿನ್‌ಗಳನ್ನು ಇಟ್ಟುಕೊಂಡರೆ ಬೇರೆಬೇರೆ ಬೆಲೆಯ ರೆಸಿಸ್ಟರುಗಳನ್ನು ಸುಲಭವಾಗಿ ಬದಲಿಸಿ ನೋಡಬಹುದು.

ಚಿಪ್ಪಿಗೆ ಹಲವು ವಿದ್ಯುತ್ ಪಿನ್ನುಗಳಿರುತ್ತವೆ ಎಂಬುದನ್ನು ಮರೆಯಬಾರದು. ಅವುಗಳಲ್ಲಿ ಒಂದು ಶಂಟಿನ ಹಿಂದಿನಿಂದ ನೇರವಾಗಿ ಸೇರಿಕೊಂಡಿದ್ದು, ಚಿಪ್ಪಿನೊಳಗೆ ಅವೆಲ್ಲ ಒಂದಾಗಿದ್ದರೆ, ಅಳೆಯಬೇಕಾದ ಪ್ರವಾಹ ಆ ದಾರಿಯಿಂದ ಜಾರಿಹೋಗುತ್ತದೆ. ಎಟಿಮೆಗಾ328ಪಿಯ ಡಿಪ್ ರೂಪದಲ್ಲಿ 7ನೆಯ ಪಿನ್ ಮುಖ್ಯ ವಿದ್ಯುತ್ತು, 20ನೆಯದು ಅನಲಾಗ್ ಭಾಗದ ವಿದ್ಯುತ್ತು, 8 ಮತ್ತು 22 ಗ್ರೌಂಡ್; ಅನಲಾಗ್ ಭಾಗವನ್ನು ಬಳಸದಿದ್ದರೂ 20ನೆಯ ಪಿನ್ನಿಗೆ ವಿದ್ಯುತ್ ಕೊಡಲೇಬೇಕು. ಅದನ್ನು ಶಂಟಿನ ಯಾವ ಬದಿಗೆ ಸೇರಿಸಿದ್ದೇನೆ ಎಂಬುದು ಪ್ರತಿ ಸಲವೂ ನನ್ನ ನಕ್ಷೆಯಲ್ಲಿ ಬರೆದಿರುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಹೊಸಬರು ಅನೇಕರು ಗಮನಿಸುವುದಿಲ್ಲ. ಟಾರ್ಗೆಟ್ಟಿನ ವಿದ್ಯುತ್ತನ್ನು ಪೂರ್ತಿಯಾಗಿ ಕಡಿತಗೊಳಿಸಿದರೂ, ಕಂಪ್ಯೂಟರಿಗೆ ಜೋಡಿಸಿದ ಯುಎಆರ್‌ಟಿ ಅಡಾಪ್ಟರಿನ ಗೆರೆ 3.3 ವೋಲ್ಟ್‌ನಲ್ಲಿ ನಿಂತಿರುತ್ತದೆ. ಆ ವೋಲ್ಟೇಜ್ ಪಿನ್ನಿನ ರಕ್ಷಣಾ ಡಯೋಡಿನ ಮೂಲಕ ಚಿಪ್ಪಿನೊಳಗೆ ನುಗ್ಗಿ ಅದನ್ನು ಅರೆಜೀವದಲ್ಲಿ ಉಳಿಸುತ್ತದೆ. ಪರಿಣಾಮವಾಗಿ, ವಿದ್ಯುತ್ ತೆಗೆದು ಹಾಕಿದರೂ ಚಿಪ್ ನಿಜವಾಗಿ ಮರುಪ್ರಾರಂಭಗೊಳ್ಳುವುದಿಲ್ಲ, ರ್‍ಯಾಮ್‌ನಲ್ಲಿ ಹಳೆಯ ಮೌಲ್ಯಗಳು ಉಳಿಯುತ್ತವೆ, ಅಳತೆಯಲ್ಲಿ ವಿವರಿಸಲಾಗದ ವ್ಯತ್ಯಾಸಗಳು ಕಾಣಿಸಿಕೊಳ್ಳುತ್ತವೆ. ಹೊರಗಿನಿಂದ ಬರುವ ಪ್ರತಿಯೊಂದು ಗೆರೆಯಲ್ಲೂ ಒಂದು ಕಿಲೊಓಮ್‌ನ ಸರಣಿ ರೆಸಿಸ್ಟರ್ ಹಾಕುವುದು, ವಿದ್ಯುತ್ ಕಡಿತದ ವೇಳೆ ಆ ಗೆರೆಗಳನ್ನು ತಗ್ಗಿಸಿ ಹಿಡಿಯುವುದು, ಟಾರ್ಗೆಟ್ಟಿನ ವಿದ್ಯುತ್ ಗೆರೆಗೆ ಶೇಷ ವಿದ್ಯುತ್ತನ್ನು ಬರಿದಾಗಿಸುವ ರೆಸಿಸ್ಟರೊಂದನ್ನು ಸೇರಿಸುವುದು ಇದಕ್ಕೆ ಪರಿಹಾರ.

ಒಳಗೆ ತನ್ನದೇ ರೆಗ್ಯುಲೇಟರ್ ಇರುವ ಚಿಪ್ಪುಗಳಲ್ಲಿ ಆಟ ಬದಲಾಗುತ್ತದೆ. ಎಸ್‌ಟಿಎಂ32ಎಫ್4 ಬಳಗದ ಚಿಪ್ಪುಗಳಲ್ಲಿ ಹೊರಗಿನ 3.3 ವೋಲ್ಟ್ ಒಳಗೆ ಸುಮಾರು 1.2 ವೋಲ್ಟ್‌ಗೆ ಇಳಿದು ಕೋರಿಗೆ ತಲುಪುತ್ತದೆ, ಮತ್ತು ಆ ಒಳ ವೋಲ್ಟೇಜನ್ನು ವಿಕ್ಯಾಪ್ ಎಂಬ ಪಿನ್ನುಗಳಲ್ಲಿ ಹೊರಗೆ ತಂದು, ಎರಡು ಪಿನ್ನಿರುವ ಮಾದರಿಗಳಲ್ಲಿ ಒಂದೊಂದಕ್ಕೂ 2.2 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕುವಂತೆ ತಯಾರಕರು ಸೂಚಿಸುತ್ತಾರೆ. ಹೊರಗಿನ 3.3 ವೋಲ್ಟ್ ಗೆರೆಯಲ್ಲಿ ಅಳೆದರೆ ರೆಗ್ಯುಲೇಟರ್ ಸೋಸಿಬಿಟ್ಟ ಮಂಕು ಚಿತ್ರ ಸಿಗುತ್ತದೆ. ವಿಕ್ಯಾಪ್ ಪಿನ್ನಿನ ಬಳಿ ಹೋದರೆ ಕೋರಿನ ಉಸಿರೇ ಕೇಳಿಸುತ್ತದೆ. 2020ರಲ್ಲಿ ಲಿಮಿಟೆಡ್‌ರಿಸಲ್ಟ್ಸ್ ಎಂಬ ಹೆಸರಿನಲ್ಲಿ ಬರೆಯುವ ಸಂಶೋಧಕರು ಎನ್‌ಆರ್‌ಎಫ್52 ಎಂಬ ಚಿಪ್ಪಿನ ಡಿಬಗ್ ತಡೆಯನ್ನು (ಹೊರಗಿನಿಂದ ಒಳಗನ್ನು ನೋಡದಂತೆ ಮಾಡುವ ಬೀಗವನ್ನು) ಮುರಿದದ್ದೂ ಇಂಥದೇ ಡೆಕ್1 ಪಿನ್ನಿನ ಮೂಲಕ. ಆದ್ದರಿಂದ ಅಡಾಪ್ಟರಿನ ಮೇಲೆ ಇಂಥ ಪಿನ್ನಿಗೆ ತಲುಪುವ ದಾರಿಯನ್ನು ಮೊದಲೇ ಬಿಟ್ಟುಕೊಳ್ಳಬೇಕು. ಎಲ್ಲ ಬೆಸೆದು ಮುಗಿದ ಮೇಲೆ ಅಲ್ಲಿಗೆ ಕೂದಲಿನಂಥ ತಂತಿ ಎಳೆಯುವುದು ಬಹಳ ಪ್ರಯಾಸದ ಕೆಲಸ.

ವೋಲ್ಟೇಜ್ ಗ್ಲಿಚ್ ಪ್ರಯೋಗದಲ್ಲಿ ಬೋರ್ಡಿನ ಪಾತ್ರ ಇನ್ನೂ ನಿರ್ಣಾಯಕ. ವೇಗದ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಎನ್-ಚಾನೆಲ್ ಮಾಸ್‌ಫೆಟ್, ಉದಾಹರಣೆಗೆ ಐಆರ್‌ಎಲ್‌ಎಂಎಲ್2502, ಚಿಪ್ಪಿನ ವಿದ್ಯುತ್ ಪಿನ್ನನ್ನು ನ್ಯಾನೊಸೆಕೆಂಡುಗಳ ಲೆಕ್ಕದಲ್ಲಿ ಗ್ರೌಂಡಿಗೆ ಎಳೆದು ಬಿಡುತ್ತದೆ. ಆ ಕ್ಷಣದಲ್ಲಿ ಪ್ರೊಸೆಸರ್ ಒಂದು ಆದೇಶವನ್ನು ತಪ್ಪಾಗಿ ಓದಿದರೆ ಭದ್ರತಾ ತಪಾಸಣೆಯೇ ಹಾರಿಹೋಗಬಹುದು. ಸಂಶೋಧಕ ಕ್ರಿಸ್ ಗೆರ್ಲಿನ್‌ಸ್ಕಿ 2017ರಲ್ಲಿ ಎನ್‌ಎಕ್ಸ್‌ಪಿ ಕಂಪನಿಯ ಎಲ್‌ಪಿಸಿ ಚಿಪ್ಪುಗಳ ಓದು-ತಡೆಯನ್ನು ಈ ರೀತಿ ದಾಟಿ ತೋರಿಸಿದರು. ಆ ಚಿಪ್ಪುಗಳಲ್ಲಿ ಫ್ಲ್ಯಾಶ್‌ನ ನಿರ್ದಿಷ್ಟ ವಿಳಾಸದಲ್ಲಿರುವ ಪದವು ಕೆಲವೇ ನಿಗದಿತ ಮೌಲ್ಯಗಳಿಗೆ ಸರಿಹೊಂದಿದರೆ ಮಾತ್ರ ತಡೆ ಜಾರಿಯಾಗುತ್ತದೆ, ಇಲ್ಲವಾದರೆ ಬಾಗಿಲು ತೆರೆದಂತೆಯೇ. ಓದುವಾಗ ಒಂದೇ ಬಿಟ್ ಕೆಟ್ಟರೂ ಸಾಕು. ಇಷ್ಟು ಸೂಕ್ಷ್ಮವಾದ ಪ್ರಹಾರಕ್ಕೆ ತಂತಿಯ ಉದ್ದವೇ ಶತ್ರು. ತಂತಿಯ ಪ್ರತಿ ಮಿಲಿಮೀಟರಿಗೆ ಸುಮಾರು 1 ನ್ಯಾನೊಹೆನ್ರಿ ಇಂಡಕ್ಟನ್ಸ್ ಎಂದು ಸ್ಥೂಲವಾಗಿ ಲೆಕ್ಕ ಹಿಡಿದರೆ, 10 ಸೆಂ.ಮೀ. ಜಂಪರ್ ವೈರಿನಲ್ಲಿ 100 ನ್ಯಾನೊಹೆನ್ರಿ ಇರುತ್ತದೆ. ಅದು ಚಿಪ್ಪಿನ ಬಳಿಯ 100 ನ್ಯಾನೊಫ್ಯಾರಡ್ ಕೆಪಾಸಿಟರಿನೊಂದಿಗೆ ಸೇರಿದಾಗ ಸುಮಾರು 1.6 ಮೆಗಾಹರ್ಟ್ಸ್‌ನಲ್ಲಿ ತೂಗಾಡತೊಡಗುತ್ತದೆ. 50 ನ್ಯಾನೊಸೆಕೆಂಡಿನ ಚೂಪಾದ ಗ್ಲಿಚ್ ಬಯಸಿದವರಿಗೆ ಆಗ ಸಿಗುವುದು ನೂರಾರು ನ್ಯಾನೊಸೆಕೆಂಡು ಹರಡಿಕೊಂಡ ಮಂದ ತೊನೆದಾಟ. ಮಾಸ್‌ಫೆಟ್ಟನ್ನು ಅಡಾಪ್ಟರಿನ ಮೇಲೆಯೇ, ಚಿಪ್ಪಿನ ವಿದ್ಯುತ್ ಪಿನ್ನಿಗೂ ಅದರ ಪಕ್ಕದ ಗ್ರೌಂಡ್ ಪಿನ್ನಿಗೂ ಸೇತುವೆಯಂತೆ ಕೆಲವೇ ಮಿಲಿಮೀಟರ್ ಒಳಗೆ ಬೆಸೆದರೆ ಈ ತೊಂದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಕೈಯಿಂದ ಕಟ್ಟಿದ ಬೋರ್ಡಿನಲ್ಲಿ ಇಂಥ ಸ್ವಾತಂತ್ರ್ಯವಿದೆ ಎಂಬುದೇ ನನಗೆ ಅದರ ಅತಿ ದೊಡ್ಡ ಆಕರ್ಷಣೆ.

ಕ್ಲಾಕ್ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಚಿಪ್ ಹೊರಗಿನ ಕ್ಲಾಕನ್ನು ಸ್ವೀಕರಿಸುವುದಾದರೆ ಕ್ರಿಸ್ಟಲ್ ಬಿಟ್ಟು, ಅಳೆಯುವ ಉಪಕರಣದಿಂದಲೇ ಕ್ಲಾಕ್ ಕೊಡಬೇಕು. 7.3728 ಮೆಗಾಹರ್ಟ್ಸ್ ಅನ್ನು 64ರಿಂದ ಭಾಗಿಸಿದರೆ ಯುಎಆರ್‌ಟಿಯ ಸಾಮಾನ್ಯ ವೇಗಗಳಲ್ಲೊಂದಾದ 115200 ನಿಖರವಾಗಿ ಬರುವುದರಿಂದ ಆ ಸಂವಹನವೂ ತಪ್ಪಿಲ್ಲದೆ ನಡೆಯುತ್ತದೆ. ಅಳತೆಯೂ ಚಿಪ್ಪೂ ಒಂದೇ ತಾಳಕ್ಕೆ ನಡೆದಾಗ ವೋಲ್ಟೇಜನ್ನು ಅಂಕಿಗಳಾಗಿಸುವ ಕಡಿಮೆ ವೇಗದ ಎಡಿಸಿಯಿಂದಲೂ ಉತ್ತಮ ಫಲಿತಾಂಶ ಪಡೆಯಬಹುದೆಂಬುದು ಚಿಪ್‌ವಿಸ್ಪರರ್ ವಿನ್ಯಾಸದ ಮೂಲ ಸೂತ್ರಗಳಲ್ಲಿ ಒಂದು. ಒಳಗಿನ ಆರ್‌ಸಿ ಆಸಿಲೇಟರಿನಿಂದ ಮಾತ್ರ ಓಡುವ ಫರ್ಮ್‌ವೇರ್ ಆದರೆ ಈ ಸೌಲಭ್ಯವಿಲ್ಲ. ಅಲ್ಲಿ ಅಲೆರೂಪಗಳನ್ನು ನಂತರ ಸಾಫ್ಟ್‌ವೇರಿನಲ್ಲಿ ಹೊಂದಿಸಿಕೊಳ್ಳಬೇಕು.

ಚಿಪ್ಪಿನಿಂದ ಹೊಮ್ಮುವ ಕಾಂತಕ್ಷೇತ್ರವನ್ನು ಹಿಡಿಯುವ ವಿದ್ಯುತ್ಕಾಂತೀಯ ಪ್ರೋಬ್ ಬಳಸುವ ಯೋಚನೆಯಿದ್ದರೆ ಬೋರ್ಡಿನ ಮೇಲ್ಮೈ ಸಮತಟ್ಟಾಗಿರಬೇಕು. ಚಿಪ್ ಒಂದನ್ನು ಮೇಲ್ಬದಿಯಲ್ಲಿ ಬಿಟ್ಟು, ಕೆಪಾಸಿಟರ್, ಕನೆಕ್ಟರ್, ತಂತಿಗಳನ್ನೆಲ್ಲ ಕೆಳಬದಿಗೆ ಸರಿಸಿದರೆ ಪ್ರೋಬ್ ಚಿಪ್ಪಿನ ಮೈಗೆ ತಾಗುವಷ್ಟು ಸಮೀಪ ಬರುತ್ತದೆ. ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಹಿತ್ತಾಳೆಯ ಸ್ಪೇಸರುಗಳನ್ನು ನಾಲ್ಕು ಮೂಲೆಗೂ ಹಾಕಿ ದಪ್ಪ ಅಲ್ಯೂಮಿನಿಯಂ ತಟ್ಟೆಗೆ ಬಿಗಿದರೆ ಬೋರ್ಡ್ ಕದಲುವುದಿಲ್ಲ, ಮರುದಿನ ಪ್ರೋಬನ್ನು ಅದೇ ಬಿಂದುವಿಗೆ ತರುವುದೂ ಸಾಧ್ಯವಾಗುತ್ತದೆ.

ಬೆಸುಗೆ ಮುಗಿದ ಮೇಲೆ ಫ್ಲಕ್ಸ್ ಉಳಿಕೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯುವುದನ್ನು ನಾನು ಎಂದೂ ಬಿಡುವುದಿಲ್ಲ. ಜುಲೈ-ಆಗಸ್ಟಿನ ಬೆಂಗಳೂರಿನ ತೇವದ ಗಾಳಿಯಲ್ಲಿ ಆ ಅಂಟು ಸಣ್ಣದಾಗಿ ವಿದ್ಯುತ್ ಹರಿಯಗೊಡುತ್ತದೆ, ಮತ್ತು ರೀಸೆಟ್‌ನಂಥ ಹೆಚ್ಚು ಪ್ರತಿರೋಧದ ಗೆರೆಗಳು ಅದರಿಂದ ಚಂಚಲವಾಗುತ್ತವೆ. ಮನೆಯ ಅಥವಾ ಕಚೇರಿಯ ಅರ್ಥಿಂಗ್ ಕಡೆಗೂ ಗಮನ ಬೇಕು. ಸ್ಕೋಪಿನ ಗ್ರೌಂಡ್ ಗೋಡೆಯ ಸಾಕೆಟ್ಟಿನ ಅರ್ಥಿಗೆ ಸೇರಿರುತ್ತದೆ, ಕಂಪ್ಯೂಟರಿನ ಯುಎಸ್‌ಬಿ ಗ್ರೌಂಡ್ ಕೂಡ ಅಲ್ಲಿಗೇ ತಲುಪುತ್ತದೆ. ಈ ಎರಡರ ನಡುವಿನ ಸುತ್ತಿನಲ್ಲಿ 50 ಹರ್ಟ್ಸ್‌ನ ಅಲೆ ಸೇರಿಕೊಳ್ಳುತ್ತದೆ. ಯುಎಸ್‌ಬಿ ಐಸೊಲೇಟರ್ ಬಳಸುವುದು ಅಥವಾ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸುವುದು ಸರಳ ಉಪಾಯ.

ಬೋರ್ಡ್ ಸಿದ್ಧವಾದ ಕೂಡಲೇ ಪರೀಕ್ಷೆಗೆ ಬಂದ ಚಿಪ್ಪನ್ನು ಅದರ ಮೇಲೆ ಕೂರಿಸುವುದಿಲ್ಲ. ಮೊದಲು ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ ಮತ್ತು ಶಾರ್ಟ್ ನೋಡಿ, ನಂತರ ಅದೇ ಮಾದರಿಯ ಖಾಲಿ ಚಿಪ್ಪೊಂದಕ್ಕೆ ರಕ್ಷಣೆಯಿಲ್ಲದ ಎಇಎಸ್ ಗೂಢಲಿಪೀಕರಣದ ಪ್ರೋಗ್ರಾಮನ್ನೂ ನನಗೆ ತಿಳಿದಿರುವ ಕೀಲಿಯನ್ನೂ ತುಂಬಿಸಿ, ಆ ಕೀಲಿಯನ್ನು ಅಳತೆಯಿಂದ ಮರಳಿ ಪಡೆಯಲು ಸಾಧ್ಯವೇ ಎಂದು ಪರಿಶೀಲಿಸುತ್ತೇನೆ. ಸ್ಥಿರ ದತ್ತಾಂಶ ಕೊಟ್ಟಾಗಿನ ಅಲೆರೂಪಗಳನ್ನೂ ಯಾದೃಚ್ಛಿಕ ದತ್ತಾಂಶದ ಅಲೆರೂಪಗಳನ್ನೂ ಟಿ-ಪರೀಕ್ಷೆ ಎಂಬ ಸಂಖ್ಯಾಶಾಸ್ತ್ರದ ವಿಧಾನದಿಂದ ಹೋಲಿಸಿ, ಮೌಲ್ಯ 4.5 ದಾಟುತ್ತದೆಯೇ (ದಾಟಿದರೆ ಸೋರಿಕೆಯ ಲಕ್ಷಣ) ಎಂದು ನೋಡುವುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಕ್ರಮ. ರಕ್ಷಣೆಯಿಲ್ಲದ ಚಿಪ್ಪಿನಲ್ಲೂ ಸೋರಿಕೆ ಕಾಣದಿದ್ದರೆ ದೋಷ ಬೋರ್ಡಿನಲ್ಲಿದೆ ಎಂದರ್ಥ.

ಈ ಹೆಜ್ಜೆಯನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೀಲಿ ಸಿಕ್ಕಿತು ಎಂದಾಗ ಬೋರ್ಡ್ ಹೇಗಿತ್ತೆಂದು ಯಾರೂ ಕೇಳುವುದಿಲ್ಲ, ಕೀಲಿಯೇ ಸಾಕ್ಷಿ. ಆದರೆ ಪರೀಕ್ಷಕರು ಹೆಚ್ಚಾಗಿ ಬರೆಯಬೇಕಾಗಿ ಬರುವುದು "ಸೋರಿಕೆ ಕಂಡುಬರಲಿಲ್ಲ" ಎಂಬ ವಾಕ್ಯವನ್ನು. ಆ ವಾಕ್ಯವನ್ನು ನಂಬಿ ಒಂದು ಕಂಪನಿ ತನ್ನ ಸ್ಮಾರ್ಟ್ ಬೀಗವನ್ನೋ ಮೀಟರನ್ನೋ ಸಾವಿರಾರು ಮನೆಗಳಿಗೆ ಕಳುಹಿಸುತ್ತದೆ. ಕೆಪಾಸಿಟರಿನ ಮಸುಕಿನಲ್ಲಿ, ಉದ್ದ ತಂತಿಯ ತೂಗಾಟದಲ್ಲಿ ಸೋರಿಕೆ ಅಡಗಿ ಕುಳಿತಿತ್ತೋ, ನಿಜವಾಗಿಯೂ ಇರಲಿಲ್ಲವೋ ಎಂಬುದನ್ನು ಹೇಳಬಲ್ಲುದು ಬೋರ್ಡಿನ ಗುಣಮಟ್ಟ ಮಾತ್ರ. ದೂರಸಂಪರ್ಕ ಉಪಕರಣಗಳ ಭದ್ರತಾ ಮಾನದಂಡಗಳನ್ನು ರೂಪಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದು ಬೆಂಗಳೂರಿನಲ್ಲಿಯೇ. ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಕೇಂದ್ರ ಸರ್ಕಾರದ ಅಧಿಸೂಚನೆ 2024ರಲ್ಲಿ ಬಂದಿದೆ. ಇಂಥ ಕೆಲಸ ನಮ್ಮ ಊರಿನಲ್ಲಿ ಹೆಚ್ಚುತ್ತಲೇ ಹೋಗಲಿರುವುದರಿಂದ, ಅದಕ್ಕೆ ಬರುವ ಯುವಕ ಯುವತಿಯರು ಬೆಸುಗೆಯನ್ನೂ ಗಣಿತದಷ್ಟೇ ಶ್ರದ್ಧೆಯಿಂದ ಕಲಿಯಬೇಕೆಂಬುದು ನನ್ನ ಆಸೆ. ಪರೀಕ್ಷಿಸುವ ಸಾಧನ ಸ್ವಂತದ್ದಾಗಿರಬೇಕು, ಇಲ್ಲವೇ ಅದರ ಒಡೆಯರಿಂದ ಲಿಖಿತ ಒಪ್ಪಿಗೆ ಇರಬೇಕು. ಒಪ್ಪಿಗೆಯಿಲ್ಲದೆ ಮಾಡಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೆಯ ಸೆಕ್ಷನ್ನುಗಳು ಅನ್ವಯವಾಗಬಹುದು.

ಡಾಟ್ ಬೋರ್ಡ್ ಎಲ್ಲಕ್ಕೂ ಸಲ್ಲುವುದಿಲ್ಲ. ಹೊಟ್ಟೆಯಡಿ ನೂರಾರು ಸೋಲ್ಡರ್ ಗುಂಡುಗಳಿರುವ ಬಿಜಿಎ ಪ್ಯಾಕೇಜ್, ಡಿಡಿಆರ್ ಮೆಮೊರಿಯೊಂದಿಗೆ ಮಾತನಾಡುವ ಅಪ್ಲಿಕೇಶನ್ ಪ್ರೊಸೆಸರ್, ರೇಡಿಯೊ ಭಾಗ ಕೆಲಸ ಮಾಡುತ್ತಿರಲೇಬೇಕಾದ ಚಿಪ್ ಇವುಗಳನ್ನು ಅದರ ಮೇಲೆ ಕೂರಿಸುವ ಯತ್ನ ವ್ಯರ್ಥ. ಅಲ್ಲಿ ಉತ್ಪನ್ನದ ಬೋರ್ಡನ್ನೇ ಮಾರ್ಪಡಿಸಿಕೊಳ್ಳಬೇಕು, ಇಲ್ಲವೇ ನಾಲ್ಕು ಪದರದ ಪಿಸಿಬಿ ಮಾಡಿಸಬೇಕು. ಸಾಮಾನ್ಯ ಮೈಕ್ರೊಕಂಟ್ರೋಲರುಗಳಿಗೂ, ಒಂದೇ ಮಾದರಿಯ ಹತ್ತಾರು ಚಿಪ್ಪುಗಳನ್ನು ಪರೀಕ್ಷಿಸಬೇಕಾಗಿ ಬಂದರೆ, ಡಾಟ್ ಬೋರ್ಡಿನಲ್ಲಿ ಶಂಟ್ ಮತ್ತು ಮಾಸ್‌ಫೆಟ್ಟಿನ ಜಾಗಗಳನ್ನು ನಿಶ್ಚಯಿಸಿಕೊಂಡ ನಂತರ ಅದನ್ನೇ ಪಿಸಿಬಿಯಾಗಿ ಮಾಡಿಸುತ್ತೇನೆ.

ವರದಿಯ ಜೊತೆಗೆ ಬೋರ್ಡಿನ ಎರಡೂ ಬದಿಯ ಛಾಯಾಚಿತ್ರ, ಕೈಯಿಂದ ಬರೆದ ಸರ್ಕ್ಯೂಟ್ ನಕ್ಷೆ, ಶಂಟಿನ ಬೆಲೆ, ತೆಗೆದುಹಾಕಿದ ಮತ್ತು ಉಳಿಸಿಕೊಂಡ ಕೆಪಾಸಿಟರುಗಳ ವಿವರ, ಕೇಬಲ್ಲಿನ ಉದ್ದ, ಚಿಪ್ಪಿನ ಮೇಲೆ ಅಚ್ಚಾಗಿರುವ ತಯಾರಿಕೆಯ ಸಂಕೇತ ಮತ್ತು ತಿಳಿದ ಕೀಲಿಯ ಮೇಲೆ ನಡೆಸಿದ ಪರಿಶೀಲನೆಯ ಅಲೆರೂಪಗಳನ್ನು ಲಗತ್ತಿಸುತ್ತೇನೆ. ಗ್ರಾಹಕರು ಒಪ್ಪಿದರೆ ಬೋರ್ಡನ್ನೇ ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿ ಅವರಿಗೆ ಒಪ್ಪಿಸುತ್ತೇನೆ, ಏಕೆಂದರೆ ಫರ್ಮ್‌ವೇರಿನ ಮುಂದಿನ ಆವೃತ್ತಿಯಲ್ಲಿ ಸೇರಿಸುವ ರಕ್ಷಣೆಯನ್ನು ಅವರ ಎಂಜಿನಿಯರುಗಳು ಅದೇ ನೆಲೆಯ ಮೇಲೆ ತಾವೇ ಅಳೆದು ನೋಡಬಹುದು.